ತ್ಯಾಜ್ಯವನ್ನೇ ಇಂಧನವಾಗಿಸುವ ಅನಿಲ ರಿಯಾಕ್ಟರ್

ಅಣು ವಿದ್ಯುತ್ತಿನ ಚರ್ಚೆ ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ತ್ಯಾಜ್ಯದ ಬಳಿ. ಬಳಸಿದ ಇಂಧನವನ್ನು ನೆವಾಡಾ ರಾಜ್ಯದ ಯಕ್ಕಾ ಬೆಟ್ಟದೊಳಗೆ ಹೂಳುವ ಯೋಜನೆಗೆ ಅಮೆರಿಕ 2002ರಲ್ಲಿ ಒಪ್ಪಿಗೆ ನೀಡಿತು. ಅದು 10 ಲಕ್ಷ ವರ್ಷ ಸುರಕ್ಷಿತವಾಗಿರುವುದೆಂದು ತೋರಿಸಬೇಕೆಂಬ ಷರತ್ತು 2008ರಲ್ಲಿ ಬಂತು. ರಾಜ್ಯದ ತೀವ್ರ ವಿರೋಧದ ನಡುವೆ ಹಣವೂ ನಿಂತುಹೋಯಿತು. ಸುಮಾರು 90 ಸಾವಿರ ಟನ್ ಇಂಧನ ಬಹುಪಾಲು ಸ್ಥಾವರಗಳ ಆವರಣದಲ್ಲೇ ಉಳಿದಿದೆ.

ಇಷ್ಟು ದೀರ್ಘ ಕಾವಲಿಗೆ ಮುಖ್ಯ ಕಾರಣ ಅದರ ಅತ್ಯಲ್ಪ ಭಾಗ. ನೂರು ಕಿಲೋ ಬಳಸಿದ ಇಂಧನದಲ್ಲಿ ಸುಮಾರು 95 ಕಿಲೋ ಯುರೇನಿಯಂ. ಮೂರು-ನಾಲ್ಕು ಕಿಲೋ ವಿದಳನದ ಚೂರುಗಳು. ಅವುಗಳ ಪೈಕಿ ಪ್ರಖರವಾದ ಸೀಸಿಯಂ, ಸ್ಟ್ರಾನ್ಷಿಯಂಗಳ ಅರ್ಧಾಯುಷ್ಯ ಸುಮಾರು 30 ವರ್ಷ ಮಾತ್ರ. ಉಳಿದ ಒಂದು ಕಿಲೋದಷ್ಟು ಪ್ಲುಟೋನಿಯಂ, ಅಮೆರಿಸಿಯಂ ಮೊದಲಾದ ಭಾರಧಾತುಗಳೇ ನಿಜವಾದ ತಲೆನೋವು. ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷ.

ಇವನ್ನು ಬೇರ್ಪಡಿಸಿ ಅನಿಲ ರಿಯಾಕ್ಟರಿನಲ್ಲಿ ಉರಿಸಬಹುದೆಂಬುದು ಜನರಲ್ ಅಟಾಮಿಕ್ಸ್ ಕಂಪನಿಯ ವಿಜ್ಞಾನಿಗಳು 2000ದ ದಶಕದ ಆರಂಭದಲ್ಲಿ ಮುಂದಿಟ್ಟ ‘ಡೀಪ್ ಬರ್ನ್’ ವಿಚಾರ. ಇಲ್ಲಿ ಶಾಖವನ್ನು ಹೊರತರುವುದು ನೀರಲ್ಲ, ಹೀಲಿಯಂ. ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು ಗ್ರಾಫೈಟ್. ಇವೆರಡೂ ನ್ಯೂಟ್ರಾನ್‌ಗಳನ್ನು ಬಹಳ ಕಡಿಮೆ ಹೀರುತ್ತವೆ. ಹಾಗಾಗಿ ಅವು ಪ್ಲುಟೋನಿಯಂ ಒಡೆಯಲು ಉಳಿಯುತ್ತವೆ. ಸಾಮಾನ್ಯ ಇಂಧನದಲ್ಲಿ ಯುರೇನಿಯಂ-238 ಇರುವುದರಿಂದ ಒಂದೆಡೆ ಪ್ಲುಟೋನಿಯಂ ಉರಿದಂತೆ ಇನ್ನೊಂದೆಡೆ ಹೊಸದು ಹುಟ್ಟುತ್ತದೆ. ಈ ಇಂಧನದಲ್ಲಿ ಅದಕ್ಕೆ ಜಾಗವೇ ಇಲ್ಲ.

ಇಂಧನದ ರೂಪವೇ ಈ ಯೋಜನೆಯ ಜೀವಾಳ. ಒಂದು ಮಿಲಿಮೀಟರಿನಷ್ಟು, ಸಾಸಿವೆಗಿಂತಲೂ ಸಣ್ಣ ಕಣ. ಅದರ ತಿರುಳಿನ ಸುತ್ತ ಇಂಗಾಲ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನಗಳು. ವಿದಳನದಿಂದ ಹುಟ್ಟುವ ವಸ್ತುಗಳನ್ನು ಈ ಕವಚ ಸುಮಾರು 1600 ಡಿಗ್ರಿ ಸೆಲ್ಸಿಯಸ್‌ವರೆಗೂ ಹಿಡಿದಿಡಬಲ್ಲದು. ಲೋಹದ ಕೊಳವೆಯಲ್ಲಿರುವ ಸಾಮಾನ್ಯ ಇಂಧನವನ್ನು ಅಷ್ಟು ಕಾಲ ಉರಿಸಲಾಗದು. ಟನ್ನಿಗೆ ಸುಮಾರು 50 ಸಾವಿರ ಮೆಗಾವಾಟ್-ದಿನಗಳಷ್ಟು ಶಕ್ತಿ ಕೊಟ್ಟ ಮೇಲೆ ಅದನ್ನು ಹೊರತೆಗೆಯಬೇಕು. ಪೆನ್ಸಿಲ್ವೇನಿಯಾದ ಪೀಚ್ ಬಾಟಮ್‌ನಲ್ಲಿ 1967ರಿಂದ 1974ರವರೆಗೆ ನಡೆದ ಪುಟ್ಟ ಹೀಲಿಯಂ ರಿಯಾಕ್ಟರಿನ ಪರೀಕ್ಷೆಯಲ್ಲಿ ಪ್ಲುಟೋನಿಯಂ ಕಣಗಳು ಏಳು ಲಕ್ಷವನ್ನೂ ದಾಟಿದ್ದವು. ಒಂದೇ ಸುತ್ತಿನಲ್ಲಿ ಪ್ಲುಟೋನಿಯಂ-239ರ ಶೇ. 90ಕ್ಕೂ ಹೆಚ್ಚು ಭಾಗ ನಾಶವಾಗುವುದೆಂದು ವಿನ್ಯಾಸಕಾರರು ಲೆಕ್ಕ ಹಾಕಿದ್ದು ಈ ಬಲದಿಂದಲೇ.

ಆದರೆ ಲೆಕ್ಕ ಬೇರೆ, ಸ್ಥಾವರ ಬೇರೆ. ಕೊಲರಾಡೋದ ಫೋರ್ಟ್ ಸೇಂಟ್ ವ್ರೇನ್‌ನಲ್ಲಿದ್ದ 330 ಮೆಗಾವಾಟ್‌ನ ಹೀಲಿಯಂ ಸ್ಥಾವರ ಇಂಧನದಿಂದಲ್ಲ, ಒಳಗೆ ನುಸುಳಿದ ನೀರಿನಿಂದ ಸೋತು 1989ರಲ್ಲಿ ಮುಚ್ಚಿತು. ಚೀನಾದ ಶಿಡಾವೊ ಕೊಲ್ಲಿಯಲ್ಲಿ 2023ರ ಡಿಸೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಸ್ಥಾವರ ಇದೇ ಬಗೆಯ ಕಣಗಳನ್ನು ಬಳಸಿದರೂ ಅದರಲ್ಲಿ ಉರಿಯುವುದು ಯುರೇನಿಯಂ. ತ್ಯಾಜ್ಯ ಉರಿಸಲೆಂದೇ ಕಟ್ಟಿದ ಅನಿಲ ರಿಯಾಕ್ಟರ್ ಇನ್ನೂ ಒಂದೂ ಇಲ್ಲ. ಭಾರಧಾತುಗಳನ್ನು ಬೇರ್ಪಡಿಸುವ ಕೆಲಸ ದುಬಾರಿ. ಬೇರ್ಪಟ್ಟ ಪ್ಲುಟೋನಿಯಂ ಬಾಂಬಿಗೂ ಒದಗೀತೆಂಬ ಭಯವಿದೆ. ಟೆಕ್ನೀಷಿಯಂ, ಅಯೋಡಿನ್‌ನ ದೀರ್ಘಾಯು ರೂಪಗಳು ಉಳಿದೇ ಉಳಿಯುತ್ತವೆ. ಹೂಳುವ ಹೊರೆ ಇಳಿದೀತು, ಹೂಳುವುದು ತಪ್ಪದು.

ಭಾರತದ ಮಟ್ಟಿಗೆ ಪ್ಲುಟೋನಿಯಂ ತ್ಯಾಜ್ಯವೇ ಅಲ್ಲ. ಕೈಗಾದಂಥ ಭಾರಜಲ ಸ್ಥಾವರಗಳ ಬಳಸಿದ ಇಂಧನದಿಂದ ಅದನ್ನು ಬೇರ್ಪಡಿಸಿ ಕಲ್ಪಾಕ್ಕಂನ ವೇಗದ ರಿಯಾಕ್ಟರಿಗೆ ಉಣಿಸುವುದು ಇಲ್ಲಿನ ನೀತಿ. ಅಲ್ಲಿ ಶಾಖ ಹೊರುವುದು ಹೀಲಿಯಂ ಅಲ್ಲ, ದ್ರವ ಸೋಡಿಯಂ.