ಎಣ್ಣೆ ತಿನ್ನುವ ಜೀವಿಗಳಿಗೆ ಗೊಬ್ಬರ

1989ರ ಮಾರ್ಚ್ 24ರಂದು ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ, ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಯಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರದ ಪಾಲಾಯಿತು. ಕಡಲಹಕ್ಕಿಗಳು, ನೀರುನಾಯಿಗಳು ಎಣ್ಣೆ ಮೆತ್ತಿಕೊಂಡು ಸತ್ತವು. ಮೈಲಿಗಟ್ಟಲೆ ದಡ ಕಪ್ಪಾಯಿತು.

ಮೊದಲು ಬಿಸಿನೀರನ್ನು ಜೋರಾಗಿ ಹಾಯಿಸಿ ಕಲ್ಲುಗಳನ್ನು ತೊಳೆದರು. ಎಣ್ಣೆಯೇನೋ ಹೋಯಿತು, ಅದರ ಜೊತೆಗೆ ಕಲ್ಲಿಗಂಟಿ ಬದುಕಿದ್ದ ಚಿಪ್ಪುಜೀವಿಗಳೂ ಪಾಚಿಯೂ ಬೆಂದುಹೋದವು.

ಆಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ದಡಕ್ಕೆ ಗೊಬ್ಬರ ಹಾಕಲು ಹೊರಟರು. ಎಣ್ಣೆ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಆ ಮರಳಿನಲ್ಲಿ ಮೊದಲೇ ಇದ್ದವು. ತೈಲದಿಂದ ಅವುಗಳಿಗೆ ಇಂಗಾಲ ಬೇಕಾದಷ್ಟು ಸಿಗುತ್ತಿತ್ತು. ಆದರೆ ಮೈ ಬೆಳೆಸಿಕೊಳ್ಳಲು ಬೇಕಾದ ಸಾರಜನಕ, ರಂಜಕಗಳ ಕೊರತೆಯಿತ್ತು. ಕಬ್ಬಿನ ರವದಿ ಬೇಗ ಕೊಳೆಯಲೆಂದು ಯೂರಿಯಾ ಚೆಲ್ಲುವ ನಮ್ಮ ರೈತನಿಗೆ ಈ ಲೆಕ್ಕ ಹೊಸದಲ್ಲ. ಎಣ್ಣೆಗೆ ಅಂಟಿಕೊಳ್ಳುವಂಥ ದ್ರವಗೊಬ್ಬರವನ್ನು ಸಿಂಪಡಿಸಿದ ಎರಡು ಮೂರು ವಾರಗಳಲ್ಲಿ, ಪ್ರಯೋಗದ ಪಟ್ಟಿಯಷ್ಟೇ ತಿಳಿಯಾಗಿ, ಸುತ್ತಲಿನ ಕಪ್ಪು ಕಲ್ಲುಗಳ ನಡುವೆ ಎದ್ದು ಕಂಡಿತು.

ಆ ಬ್ಯಾಕ್ಟೀರಿಯಾಗಳ ಹತ್ಯಾರವೇ ಕಿಣ್ವ. ತೈಲವೆಂದರೆ ಇಂಗಾಲ, ಜಲಜನಕಗಳ ಉದ್ದನೆಯ ಸರಪಳಿ. ಕಿಣ್ವವೊಂದು ಸರಪಳಿಯ ತುದಿಗೆ ಆಮ್ಲಜನಕವನ್ನು ಸಿಕ್ಕಿಸುತ್ತದೆ. ಅಲ್ಲಿಂದ ಮುಂದೆ ಅದು ಕೊಬ್ಬಿನಾಮ್ಲವಾಗಿ, ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತಾ ಹೋಗುತ್ತದೆ. ನಾವು ಉಂಡ ತುಪ್ಪವನ್ನು ನಮ್ಮ ದೇಹ ಅರಗಿಸುವುದೂ ಇದೇ ದಾರಿಯಲ್ಲಿ. ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಇನ್ನಷ್ಟು ಬ್ಯಾಕ್ಟೀರಿಯಾ.

ಪ್ಲಾಸ್ಟಿಕ್ಕಿಗೂ ಇಂಥ ಕಿಣ್ವಗಳು ಸಿಕ್ಕಿವೆ. ಜಪಾನಿನ ಸಕಾಯ್ ನಗರದ ಬಾಟಲಿ ಮರುಬಳಕೆ ಘಟಕದ ಬಳಿ ಪತ್ತೆಯಾದ, ಪೆಟ್ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿ 2016ರಲ್ಲಿ ಪ್ರಕಟವಾಯಿತು. ತೆಳುವಾದ ಹಾಳೆಯೊಂದನ್ನು ಮುಗಿಸಲು ಅದಕ್ಕೆ ಆರು ವಾರ ಹಿಡಿಯಿತು. 2020ರಲ್ಲಿ ಫ್ರಾನ್ಸಿನ ಕಾರ್ಬಿಯೋಸ್ ಕಂಪನಿ ಮತ್ತು ಟುಲೂಸ್‌ನ ಸಂಶೋಧಕರು ಎಲೆಗೊಬ್ಬರದ ರಾಶಿಯಲ್ಲಿ ದೊರೆತ ಬೇರೊಂದು ಕಿಣ್ವವನ್ನು ತಿದ್ದಿ, 72 ಡಿಗ್ರಿ ಬಿಸಿಯಲ್ಲಿ ಹತ್ತೇ ಗಂಟೆಯೊಳಗೆ ಶೇ 90ರಷ್ಟು ಪ್ಲಾಸ್ಟಿಕ್ ಒಡೆದು ತೋರಿಸಿದರು. ಆದರೆ ಅದು ಪುಡಿಮಾಡಿ ತೊಟ್ಟಿಗೆ ಹಾಕಿದ ಪ್ಲಾಸ್ಟಿಕ್. ರಸ್ತೆ ಬದಿಯ ಕಸಕ್ಕೆ ಆ ಉಪಾಯ ನಡೆಯದು.

ಎಣ್ಣೆ ತಿನ್ನುವ ಜೀವಿಗಳ ಕ್ಷೇತ್ರದಲ್ಲಿ ದೊಡ್ಡ ಹೆಸರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿಯವರದು. ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಅವರು ತೈಲದ ಹಲವು ಅಂಶಗಳನ್ನು ಒಟ್ಟಿಗೇ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 1980ರಲ್ಲಿ 5-4ರ ಬಹುಮತದಿಂದ ಅವರ ಕಡೆಗೇ ತೀರ್ಪಾಯಿತು. ಆದರೂ ಆ ಜೀವಿ ಸಮುದ್ರಕ್ಕೆ ಇಳಿಯಲೇ ಇಲ್ಲ. ಕೆಲಸಕ್ಕೆ ಬಂದದ್ದು ಮಣ್ಣಿನಲ್ಲೇ ಇರುವ ಸಾಮಾನ್ಯ ಜೀವಿಗಳು. ದೆಹಲಿಯ ಟೆರಿ ಸಂಸ್ಥೆಯ ‘ಆಯಿಲ್ ಜ್ಯಾಪರ್’ ಕೂಡ ಅಂಥದ್ದೇ: ಎಣ್ಣೆ ತಿನ್ನುವ ಹಲವು ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ಬೆಂಡಿನ ಪುಡಿಯಲ್ಲಿ ನೆಲೆಗೊಳಿಸಿ ತಯಾರಿಸಿದ್ದು. ತೈಲ ಶುದ್ಧೀಕರಣ ಘಟಕಗಳ ಕೆಸರಿನ ಮೇಲೆ ಅದನ್ನು ಬಳಸಲಾಗಿದೆ.

ಜೀವಿಗಳಿಂದ ಕೊಳೆ ತೆಗೆಸುವ ಈ ವಿಧಾನಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡಬಾರದು. ಸೀಸ, ಪಾದರಸದಂಥ ಲೋಹಗಳನ್ನು ಯಾವ ಕಿಣ್ವವೂ ಒಡೆಯಲಾರದು. ಹೆಚ್ಚೆಂದರೆ ಅವುಗಳ ರೂಪ ಬದಲಿಸಬಲ್ಲದು. ಅಲಾಸ್ಕಾದಲ್ಲೇ, ಗಾಳಿಯಾಡದ ಕಡೆ ಕಲ್ಲಿನಡಿ ಹೂತುಹೋದ ಎಣ್ಣೆ ದಶಕಗಳ ನಂತರವೂ ಹಾಗೆಯೇ ಸಿಕ್ಕಿತು.

ಹಾಗಾಗಿ ನಿಮ್ಮ ಊರಿನ ಕೆರೆಗೆ ಬ್ಯಾಕ್ಟೀರಿಯಾ ಪುಡಿ ಸುರಿಯಲು ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಿ: ನೀರಿನಲ್ಲಿರುವ ವಿಷ ಯಾವುದು, ಈ ಜೀವಿಗೆ ಅಲ್ಲಿ ಆಮ್ಲಜನಕ ಸಿಗುತ್ತದೆಯೇ, ಕೆರೆಗೆ ಬರುವ ಚರಂಡಿ ನೀರನ್ನು ತಡೆದಿದ್ದಾರೆಯೇ? ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಮೊದಲು ಆ ಚರಂಡಿಯನ್ನು ತಿರುಗಿಸಲು ಒತ್ತಾಯಿಸಿ.