ಸೀಟಿನ ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಕನ್ನಡದ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲು ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ?

ಕಲ್ಯಾಣದುರ್ಗದ ಆಚೆ, ಕುಂದುರ್ಪಿ ಕಡೆಯ ಒಬ್ಬ ಹುಡುಗಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಹತ್ತನೇ ತರಗತಿಯವರೆಗೆ ಊರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಓದಿದ್ದಾಳೆ. ಒಳ್ಳೆಯ ಅಂಕ ಬಂತೆಂದು ಪಾವಗಡದ ಸೋದರಮಾವ ಕರೆದುಕೊಂಡು ಹೋಗಿ ಅಲ್ಲಿಯೇ ಪಿಯು ಕಾಲೇಜಿಗೆ ಸೇರಿಸಿದ್ದಾರೆ. ಎರಡು ವರ್ಷ ಶ್ರದ್ಧೆಯಿಂದ ಓದಿ ಪಾಸಾಗಿದ್ದಾಳೆ. ಈಗ ಎಂಜಿನಿಯರಿಂಗ್ ಸೀಟು ಬೇಕು. ಆಂಧ್ರದ ಕೌನ್ಸೆಲಿಂಗ್‌ಗೆ ಹೋದರೆ, ಕೊನೆಯ ಎರಡು ವರ್ಷ ಇಲ್ಲಿ ಓದಿಲ್ಲವಾದ್ದರಿಂದ ಅವಳು ‘ಲೋಕಲ್’ ಅಲ್ಲ. ಕರ್ನಾಟಕದ ಸಿಇಟಿಗೆ ಹೋದರೆ ಏಳು ವರ್ಷದ ಓದು ಕೇಳುತ್ತಾರೆ, ಅವಳ ಹತ್ತಿರ ಇರುವುದು ಎರಡು. ಅವಳ ಅಂಕಗಳಲ್ಲಿ ಕೊರತೆ ಏನೂ ಇಲ್ಲ. ಆದರೂ ಎರಡೂ ಕಡೆ ಅವಳು ಹೊರಗಿನವಳು.

ಗಡಿಯ ಊರುಗಳಲ್ಲಿ ಇಂಥ ಮಕ್ಕಳಿಗೆ ಸೀಟಿನ ಅರ್ಹತೆ ತೀರ್ಮಾನವಾಗುವುದು ಪರೀಕ್ಷೆಯ ಹಾಲಿನಲ್ಲಿ ಮಾತ್ರ ಅಲ್ಲ. ಯಾವ ವರ್ಷ ಯಾವ ಊರಿನ ಶಾಲೆಯಲ್ಲಿ ಕೂತಿದ್ದರು ಎಂಬುದರ ಮೇಲೂ. ಇದನ್ನು ತಂದೆತಾಯಿಗೆ ಹೇಳಬೇಕಾದವರು ಹೇಳುವ ಹೊತ್ತಿಗೆ ಮಗು ಹನ್ನೆರಡನೇ ತರಗತಿ ಮುಗಿಸಿರುತ್ತದೆ.

ಆಂಧ್ರದ ಲೆಕ್ಕ: ಕೊನೆಯಿಂದ ಹಿಂದಕ್ಕೆ

ಸಂವಿಧಾನದ 371ಡಿ ವಿಧಿಯಡಿ 1974ರಲ್ಲಿ ಹೊರಟ ರಾಷ್ಟ್ರಪತಿ ಆದೇಶವೇ ಆಂಧ್ರದ ಪ್ರವೇಶ ವ್ಯವಸ್ಥೆಯ ಬುನಾದಿ. ಹಳೆಯ ಅನಂತಪುರ, ಕರ್ನೂಲು, ಕಡಪ, ಚಿತ್ತೂರು, ನೆಲ್ಲೂರು ಜಿಲ್ಲೆಗಳು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶಕ್ಕೆ ಸೇರುತ್ತವೆ. ಇಲ್ಲಿನ ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ, ಉಳಿದ ಶೇ 15 ಮುಕ್ತ. ಇಂಟರ್ ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ ಸತತ ನಾಲ್ಕು ವರ್ಷ ಈ ಪ್ರದೇಶದಲ್ಲಿ ಓದಿದವರು ಸ್ಥಳೀಯರು. ಎರಡನೇ ಇಂಟರ್, ಮೊದಲನೇ ಇಂಟರ್, ಹತ್ತು, ಒಂಬತ್ತು: ನಾಲ್ಕು ವರ್ಷ ಸರಿಹೋಯಿತು. ಈ ನಾಲ್ಕು ವರ್ಷ ಒಂದೇ ಪ್ರದೇಶದಲ್ಲಿ ಸಿಗದಿದ್ದರೆ ಆರನೇ ತರಗತಿಯಿಂದ ಏಳು ವರ್ಷ ನೋಡುತ್ತಾರೆ. ಆ ಏಳೂ ವರ್ಷ ರಾಜ್ಯದೊಳಗೇ ಓದಿರಬೇಕು. ಅದಕ್ಕೇ ಕೌನ್ಸೆಲಿಂಗ್‌ನಲ್ಲಿ ಆರರಿಂದ ಇಂಟರ್‌ವರೆಗಿನ ಸ್ಟಡಿ ಸರ್ಟಿಫಿಕೇಟ್ ಕೇಳುವುದು.

ಕುಂದುರ್ಪಿಯ ಹುಡುಗಿ ಸಿಕ್ಕಿಕೊಳ್ಳುವುದು ಇಲ್ಲಿಯೇ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ತಂದೆ ಅಥವಾ ತಾಯಿ ಒಟ್ಟು ಹತ್ತು ವರ್ಷ ಆಂಧ್ರದಲ್ಲಿ ವಾಸವಾಗಿದ್ದರೆ ಆ ಶೇ 15ರಲ್ಲಿ ಅವಳು ಸ್ಪರ್ಧಿಸಬಹುದು. ಆದರೆ ಸ್ಥಳೀಯರೂ ಅದೇ ಶೇ 15ಕ್ಕೆ ಬರುತ್ತಾರೆ. ನೂರರಲ್ಲಿ ನೂರಕ್ಕೂ ಹಕ್ಕಿದ್ದ ಮಗುವಿಗೆ ಉಳಿದದ್ದು ಹದಿನೈದರ ಪಾಲು.

ಎಪಿ ಇಎಪಿಸೆಟ್ ಪರೀಕ್ಷೆಯಲ್ಲಿ ಎಂಜಿನಿಯರಿಂಗ್‌ಗೆ 160 ಪ್ರಶ್ನೆ, ಮೂರು ಗಂಟೆ: ಗಣಿತಕ್ಕೆ 80, ಭೌತಶಾಸ್ತ್ರಕ್ಕೆ 40, ರಸಾಯನಶಾಸ್ತ್ರಕ್ಕೆ 40. ಅರ್ಹತೆಗೆ ಕನಿಷ್ಠ ಶೇ 25 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ಮಿತಿ ಇಲ್ಲ. ರ‍್ಯಾಂಕ್ ಕೊಡುವಾಗ ಇಂಟರ್ ಅಂಕಗಳಿಗೂ ಶೇ 25 ತೂಕವಿದೆ. ಅನಂತಪುರದ ಜೆಎನ್‌ಟಿಯು ಕಾಲೇಜಿನ ಸೀಟು ಈ ದಾರಿಯಲ್ಲಿ ಸಿಗುತ್ತದೆ. 1946ರಲ್ಲಿ ಶುರುವಾದ ಆ ಎಂಜಿನಿಯರಿಂಗ್ ಕಾಲೇಜು 2008ರಿಂದ ಸ್ವತಂತ್ರ ವಿಶ್ವವಿದ್ಯಾಲಯದ ಭಾಗ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಬೇಕಾದವರಿಗೆ 1981ರಲ್ಲಿ ಸ್ಥಾಪನೆಯಾದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಅಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಒಎಎಂಡಿಸಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಕಾಲೇಜುಗಳ ಆಯ್ಕೆ ಕೊಟ್ಟರೆ ಸೀಟು ಹಂಚಿಕೆಯಾಗುತ್ತದೆ.

ಹತ್ತನೇ ತರಗತಿಯ ನಂತರವೇ ತೆರೆದುಕೊಳ್ಳುವ ಇನ್ನೊಂದು ಬಾಗಿಲನ್ನು ಹಳ್ಳಿಯ ತಂದೆತಾಯಂದಿರು ಮರೆಯಬಾರದು. ಕಡಪ ಜಿಲ್ಲೆಯ ಇಡುಪುಲಪಾಯ ಸೇರಿ ನಾಲ್ಕು ಕಡೆ ಇರುವ ಆರ್‌ಜಿಯುಕೆಟಿ ವಿಶ್ವವಿದ್ಯಾಲಯಕ್ಕೆ ಟೆಂತ್ ಅಂಕಗಳ ಮೇಲೆಯೇ ಪ್ರವೇಶ. ಇಂಟರ್, ಬಿ.ಟೆಕ್. ಸೇರಿ ಆರು ವರ್ಷದ ಕೋರ್ಸ್. ವಸತಿರಹಿತ ಸರ್ಕಾರಿ ಶಾಲೆಯ ಮಕ್ಕಳಿಗೆ ಅವರ ಅನನುಕೂಲ ಗಮನಿಸಿ ಶೇ 4ರಷ್ಟು ಅಂಕ ಸೇರಿಸುತ್ತಾರೆ. ಗಡಿ ಹಳ್ಳಿಯ ಜಿಲ್ಲಾ ಪರಿಷತ್ ಹೈಸ್ಕೂಲಿನ ಮಗುವಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಕರ್ನಾಟಕದ ಲೆಕ್ಕ: ಎರಡು ಹೆಸರು, ಒಂದು ಪಟ್ಟಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಖ್ಯ ನಿಯಮ ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿಯೇ ಪಾಸಾಗಿರಬೇಕು ಎನ್ನುತ್ತದೆ. ಹೊರಗಿನ ಕನ್ನಡಿಗರಿಗಾಗಿ ‘ಗಡಿನಾಡು’, ‘ಹೊರನಾಡು’ ಎಂಬ ಎರಡು ಪ್ರತ್ಯೇಕ ಅವಕಾಶಗಳಿವೆ.

ಹಿಂದೂಪುರದವರು ಸಹಜವಾಗಿ ಗಡಿನಾಡು ಎಂದೇ ಗುರುತು ಹಾಕಲು ಹೋಗುತ್ತಾರೆ. ಹಿಂದೂಪುರ ದಾಟಿದರೆ ಗೌರಿಬಿದನೂರು, ಕುಂದುರ್ಪಿ ದಾಟಿದರೆ ಪಾವಗಡ. ಇದಕ್ಕಿಂತ ಗಡಿ ಬೇರೆ ಯಾವುದಿದೆ? ಆದರೆ ನಿಯಮದಲ್ಲಿ ಗಡಿನಾಡು ಎಂದರೆ ಹೆಸರಿಸಿದ ತಾಲ್ಲೂಕುಗಳು ಮಾತ್ರ: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗ, ರಾಯದುರ್ಗ ಯಾವುದೂ ಅದರಲ್ಲಿಲ್ಲ.

ಈ ಪಟ್ಟಿ ಮಹಾಜನ ಆಯೋಗದ ನಕ್ಷೆಯನ್ನೇ ನೆನಪಿಸುತ್ತದೆ. 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಆ ಆಯೋಗ ನೋಡಿದ್ದು ಮಹಾರಾಷ್ಟ್ರ, ಮೈಸೂರು, ಕೇರಳದ ಗಡಿಗಳನ್ನು. ಆಂಧ್ರದ ಗಡಿ ಅದಕ್ಕೂ ಮೊದಲು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗಲೇ ಬಿದ್ದಿತ್ತು. ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ, ಆದವಾನಿ, ಆಲೂರು ಆಂಧ್ರದಲ್ಲಿ ಉಳಿದವು. ವಿವಾದ ಜೋರಾಗಿದ್ದ ಕಡೆಯ ಮಕ್ಕಳಿಗೆ ನಿಯಮದಲ್ಲಿ ಹೆಸರು ಸಿಕ್ಕಿತು. ತಗಾದೆ ಇಲ್ಲದೆ ಬದುಕಿದ ಕಡೆಯ ಮಕ್ಕಳ ಹೆಸರು ಯಾರ ಗಮನಕ್ಕೂ ಬರಲಿಲ್ಲ. ಇದು ನ್ಯಾಯವಲ್ಲ.

ಸದ್ಯಕ್ಕೆ ಅವರಿಗೆ ಇರುವುದು ಹೊರನಾಡು ಕನ್ನಡಿಗರ ಅವಕಾಶ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಏಳು ವರ್ಷ ಕರ್ನಾಟಕದ ಹೊರಗೆ ಓದಿರಬೇಕು, ಜೊತೆಗೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ನಾಲ್ಕನೇ ತರಗತಿಯ ಮಟ್ಟದ ಕನ್ನಡ, 50 ಅಂಕಕ್ಕೆ 12 ಬಂದರೆ ಸಾಕು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಓದಿದ ಮಗುವಿಗೆ ಮಾತು ಬರುತ್ತದೆ, ಬರೆಯುವಾಗ ಒತ್ತಕ್ಷರ ತಪ್ಪುತ್ತದೆ. ಎರಡು ಲಿಪಿಗಳೂ ಒಂದೇ ಬೇರಿನವಾದ್ದರಿಂದ ಒಂದು ಬೇಸಿಗೆಯ ಅಭ್ಯಾಸದಲ್ಲಿ ಇದು ಸರಿಹೋಗುತ್ತದೆ.

ಅಮ್ಮನ ಶಾಲೆಯ ಸರ್ಟಿಫಿಕೇಟ್

ಕುಂದುರ್ಪಿಯ ಹುಡುಗಿಗೆ ಮಾತ್ರ ಹೊರನಾಡಿನ ದಾರಿಗಿಂತ ಹತ್ತಿರದ್ದು ಇನ್ನೊಂದಿದೆ. ಎರಡು ವರ್ಷದ ಪಿಯುಸಿ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಆ ಅಭ್ಯರ್ಥಿ ಅರ್ಹ. ಸೋದರಮಾವನ ಊರು ಪಾವಗಡ ಎಂದರೆ ಅಮ್ಮನ ತವರೂ ಅದೇ. ಈ ಸೀಮೆಯಲ್ಲಿ ಹೆಣ್ಣು ಕೊಡುವುದು, ತರುವುದು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ಅಮ್ಮ ತವರಿನಲ್ಲಿ ಏಳನೇ ತರಗತಿಯವರೆಗೆ ಓದಿದ್ದರೂ ಮಗಳಿಗೆ ಬಾಗಿಲು ತೆರೆಯುತ್ತದೆ.

ಅದಕ್ಕೆ ಅಮ್ಮ ತನ್ನ ಹಳೆಯ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ತೆಗೆಸಬೇಕು. ಯಾವ ವರ್ಷ ಯಾವ ತರಗತಿ ಎಂದು ಮುಖ್ಯೋಪಾಧ್ಯಾಯರಿಂದ ಬರೆಸಿ ಬಿಇಒ ಮೇಲುಸಹಿ ಹಾಕಿಸಬೇಕು. ರಿಜಿಸ್ಟರಿನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಇದ್ದರೆ ಎರಡೂ ಹೆಸರು ಒಬ್ಬರದೇ ಎಂದು ತೋರಿಸುವ ಕಾಗದವನ್ನೂ ಜೋಡಿಸಿಕೊಳ್ಳಬೇಕು. ಇದು ಕೌನ್ಸೆಲಿಂಗ್ ಹಿಂದಿನ ದಿನ ಆಗುವ ಕೆಲಸವಲ್ಲ.

ಗಡಿ ದಾಟಿದರೆ ಬದಲಾಗುವ ಜಾತಿಪಟ್ಟಿ

ಗಡಿಯ ಎರಡೂ ಬದಿ ಸಮುದಾಯ ಒಂದೇ. ಸರ್ಕಾರದ ಪಟ್ಟಿ ಬೇರೆ. ಕಲ್ಯಾಣದುರ್ಗ, ರಾಯದುರ್ಗ ಭಾಗದಲ್ಲಿ ಬಹಳಷ್ಟು ಜನರಿರುವ ಬೋಯ, ವಾಲ್ಮೀಕಿಗಳು ಆಂಧ್ರದ ಬಯಲು ಜಿಲ್ಲೆಗಳಲ್ಲಿ ಬಿಸಿ–ಎ. ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ, ಬೇಡರು ಪರಿಶಿಷ್ಟ ಪಂಗಡ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರದಲ್ಲಿ ಸುಗಾಲಿಗಳಾಗಿ ಪರಿಶಿಷ್ಟ ಪಂಗಡ. ಕುರುಬರು ಆಂಧ್ರದಲ್ಲಿ ಬಿಸಿ–ಬಿ, ಕರ್ನಾಟಕದಲ್ಲಿ ಪ್ರವರ್ಗ 2ಎ. ಒಂದು ರಾಜ್ಯದ ಸರ್ಟಿಫಿಕೇಟ್ ಇನ್ನೊಂದು ರಾಜ್ಯದ ಮೀಸಲಾತಿಗೆ ಚಲಾವಣೆಯಾಗದು. ಪ್ರಾಧಿಕಾರದ ಅರ್ಜಿ ಕೇಳುವ ಆರ್‌ಡಿ ಸಂಖ್ಯೆ ಕರ್ನಾಟಕದ ಸರ್ಟಿಫಿಕೇಟಿನಲ್ಲಿ ಮಾತ್ರ ಇರುತ್ತದೆ. ಪಿಯುಗೆ ಗಡಿ ದಾಟಿಸುವ ಮುನ್ನ ಈ ಲಾಭನಷ್ಟವನ್ನೂ ಕೂತು ಲೆಕ್ಕ ಹಾಕಬೇಕು.

ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ?

ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಇಂದಿಗೂ ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಇಎಪಿಸೆಟ್ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಕನ್ನಡ ಇಲ್ಲ. ಅದೇ ಕೇಂದ್ರದ ಸಿಯುಇಟಿ ಪ್ರವೇಶ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಕನ್ನಡ ಅವುಗಳಲ್ಲಿ ಒಂದು. ಅನಂತಪುರದಲ್ಲಿ 2018ರಲ್ಲಿ ಶುರುವಾದ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿಯೇ ದಾರಿ. ಮಡಕಶಿರಾದ ಕನ್ನಡ ಮಾಧ್ಯಮದ ಮಗುವಿಗೆ ತನ್ನ ಭಾಷೆಯಲ್ಲಿಯೇ ಪರೀಕ್ಷೆ ಬರೆದು ಸೇರಬಹುದಾದ ಸರ್ಕಾರಿ ವಿಶ್ವವಿದ್ಯಾಲಯ ತನ್ನ ಸೀಮೆಯಲ್ಲಿಯೇ ಇದೆ. ಈ ಸುದ್ದಿ ಗಡಿ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಪ್ರತಿ ವರ್ಷ ಕಾಣಬೇಕು.

ಈ ಮಣ್ಣಿನ ವಿದ್ಯೆ ಗಡಿ ದಾಟಿದ್ದು ಹೊಸದಲ್ಲ. ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿಗೆ ಬಂದು ಓದಿದರು. ವಿದ್ವಾಂಸ ಕಟ್ಟಮಂಚಿ ರಾಮಲಿಂಗಾರೆಡ್ಡಿ ಶರ್ಮರ ವಿದ್ವತ್ತನ್ನು ಗುರುತಿಸಿ 1912ರಲ್ಲಿ ಮಹಾರಾಜ ಕಾಲೇಜಿಗೆ ತೆಲುಗು ಪಂಡಿತರಾಗಿ ಸೇರಿಸಿಕೊಂಡರು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಅವರು ಕನ್ನಡದಲ್ಲಿಯೂ ಬರೆದರು. ಆಗ ನೋಡಿದ್ದು ಓದನ್ನು. ಇಂದು ಲಕ್ಷಾಂತರ ಅರ್ಜಿಗಳ ನಡುವೆ ನಿಯಮ ಬೇಕೇ ಬೇಕು. ಆದರೆ ಅದು ಗಡಿಯ ಮಗುವನ್ನು ಎರಡೂ ಕಡೆಯಿಂದ ತಳ್ಳಬಾರದು.

ಆಗಬೇಕಾದ್ದು

ಕರ್ನಾಟಕ ಸರ್ಕಾರ ಗಡಿನಾಡು ತಾಲ್ಲೂಕುಗಳ ಪಟ್ಟಿಗೆ ಆಂಧ್ರದ ಕನ್ನಡ ಭಾಗಗಳನ್ನು ಸೇರಿಸಬೇಕು. ಹತ್ತನೇ ತರಗತಿಯನ್ನು ಕನ್ನಡದಲ್ಲಿ ಬರೆಯಲು ಬಿಡುವ ಆಂಧ್ರ ಸರ್ಕಾರ ಇಎಪಿಸೆಟ್‌ಗೂ ಕನ್ನಡವನ್ನು ತರಬೇಕು. ಶಾಲೆಗಳು ಟಿ.ಸಿ. ಕೊಡುವ ದಿನವೇ ವರ್ಷವಾರು ಸ್ಟಡಿ ಸರ್ಟಿಫಿಕೇಟ್ ಕೂಡ ಕೈಗಿಡಬೇಕು.

ತಂದೆತಾಯಂದಿರು ಅದಕ್ಕೆ ಕಾಯುತ್ತಾ ಕೂರಬಾರದು. ಮಗು ಎಂಟನೇ ತರಗತಿಯಲ್ಲಿ ಇರುವಾಗಲೇ ಯಾವ ರಾಜ್ಯದಲ್ಲಿ ಮುಂದಕ್ಕೆ ಓದಿಸುವುದು ಎಂದು ನಿರ್ಧರಿಸಿ. ಆಂಧ್ರದ ಸೀಟು ಬೇಕಿದ್ದರೆ ಒಂಬತ್ತರಿಂದ ಇಂಟರ್‌ವರೆಗೆ ಇಲ್ಲಿಂದ ಕದಲಿಸಬೇಡಿ. ಕರ್ನಾಟಕದ್ದು ಬೇಕಿದ್ದರೆ ಪಿಯುಗೆ ಸೇರಿಸುವ ಮೊದಲೇ ನಿಮ್ಮಿಬ್ಬರ ಓದಿನ ದಾಖಲೆ ಹುಡುಕಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮೇಷ್ಟ್ರ ಜೊತೆ ಕೂತು ಪೂರ್ತಿ ಓದಿ. ಓದುವ ಹೊಣೆ ಮಗುವಿನದು. ಆ ಓದಿಗೆ ತಕ್ಕ ಕಾಗದ ಹೊಂದಿಸುವ ಹೊಣೆ ದೊಡ್ಡವರಾದ ನಮ್ಮೆಲ್ಲರದು.