ಹಾಡಿಗೆ ಎಷ್ಟು ಯೂನಿಟ್?

ನಾಶಿಕ್ ಬಿಟ್ಟು ನಿಫಾಡ್ ದಾಟುವಷ್ಟರಲ್ಲಿ ಭಾವ ಕೈ ಚಾಚಿ ಹಾಡು ನಿಲ್ಲಿಸಿದರು.

"ತಂಗಿ, ಹಾಡು ಬ್ಯಾಡವಾ. ಚಾರ್ಜ್ ಸುಮ್ನ ಖಾಲಿ ಆಗಾಕತ್ತೈತಿ. ಯೇವಲಾ ಮುಟ್ಟಬೇಕಲ್ಲ?"

ಯೇವಲಾ ಇನ್ನು ಐವತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಕಾರಿನ ಪರದೆಯ ಮೇಲೆ ಬ್ಯಾಟರಿ 87 ಪ್ರತಿಶತ ಎಂದು ಎದ್ದು ಕಾಣುತ್ತಿತ್ತು. ಹಾಡು ನಿಲ್ಲಿಸಿದ ಅದೇ ಕೈಯಿಂದ ಭಾವ ಎಸಿಯನ್ನು ಎರಡು ಮೆಟ್ಟಿಲು ಏರಿಸಿದರು. "ರೋಡ್ ಖಾಲಿ ಐತಿ, ಸ್ವಲ್ಪ ಒತ್ತು" ಎಂದೂ ಹೇಳಿದರು. ಅಂದರೆ ಬ್ಯಾಟರಿಯನ್ನು ನಿಜವಾಗಿ ತಿನ್ನುವ ಎರಡು ಕೆಲಸಗಳನ್ನು ಹೆಚ್ಚಿಸಿ, ಏನನ್ನೂ ತಿನ್ನದ ಒಂದನ್ನು ಬಂದ್ ಮಾಡಿದ್ದರು. ಹುಬ್ಬಳ್ಳಿಯಿಂದ ದಸರಾ ರಜೆಗೆ ಬಂದ ಅಕ್ಕ, ಭಾವ, ಅವರ ಮಗನನ್ನು ವೇರೂಳಿನ ಕೈಲಾಸ ದೇವಾಲಯ ನೋಡಲು ಕರೆದೊಯ್ಯುತ್ತಿದ್ದೆ. ರಾಷ್ಟ್ರಕೂಟರ ಒಂದನೇ ಕೃಷ್ಣ ಕಡೆಸಿದ್ದನ್ನು ನಾಶಿಕದವರೆಗೆ ಬಂದ ಕನ್ನಡಿಗರು ನೋಡದೆ ಹೋಗುವುದುಂಟೆ? ದಾರಿಯಲ್ಲಿ ಯೇವಲಾದಲ್ಲಿ ಅಕ್ಕನಿಗೊಂದು ಪೈಠಣಿ ಸೀರೆ. ಆದರೆ ಯೇವಲಾವರೆಗಿನ ಎಂಬತ್ತು ಚಿಲ್ಲರೆ ಕಿಲೋಮೀಟರಿನ ಅರ್ಧ ಭಾಗವನ್ನು ನಾವು ಮೌನವಾಗಿ, ಆತಂಕದಲ್ಲಿ ಕಳೆದೆವು.

ಎಲೆಕ್ಟ್ರಿಕ್ ಕಾರಿನಲ್ಲಿ ಹಾಡು ಹಾಕಿದರೆ ಚಾರ್ಜ್ ಇಳಿಯುತ್ತದೆ ಎಂಬ ಈ ಮಾತನ್ನು ಕಾರು ಕೊಂಡ ದಿನದಿಂದ ಕೇಳುತ್ತಿದ್ದೇನೆ. ಕಾರಿನೊಳಗೇ ಇರುವ ಹಾಡಿನ ಆ್ಯಪ್ ಆದರಂತೂ ಇನ್ನೂ ಹೆಚ್ಚು ತಿನ್ನುತ್ತದಂತೆ, ಅದಕ್ಕೆ ಇಂಟರ್‌ನೆಟ್ಟೂ ಬೇಕಲ್ಲ! ಹೇಳುವವರಲ್ಲಿ ಒಬ್ಬರೂ ಲೆಕ್ಕ ಹಾಕಿ ನೋಡಿಲ್ಲ. ಲೆಕ್ಕವೇನೂ ಕಷ್ಟದ್ದಲ್ಲ. ಮನೆಯ ಕರೆಂಟ್ ಬಿಲ್ ಓದಬಲ್ಲವರಿಗೆ ಇದೂ ಬರುತ್ತದೆ.

ನನ್ನ ಕಾರಿನ ಬ್ಯಾಟರಿ 45 ಯೂನಿಟ್ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಒಂದು ಯೂನಿಟ್‌ಗೆ ಆರೂವರೆ, ಏಳು ಕಿಲೋಮೀಟರ್ ಓಡುತ್ತದೆ. ಈಗ ಹಾಡಿಗೆ ಬನ್ನಿ. ಪರದೆ, ಅದರ ಹಿಂದಿನ ಕಂಪ್ಯೂಟರ್, ಇಂಟರ್‌ನೆಟ್ ಹಿಡಿಯುವ ಮೋಡೆಮ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವನ್ನೂ ಸೇರಿಸಿ, ಧಾರಾಳವಾಗಿಯೇ 100 ವ್ಯಾಟ್ ಎಂದು ಹಿಡಿಯೋಣ. ನಾಶಿಕದಿಂದ ವೇರೂಳಿನ ಹತ್ತಿರದ ಛತ್ರಪತಿ ಸಂಭಾಜಿನಗರಕ್ಕೆ ಇನ್ನೂರಕ್ಕೆ ಹತ್ತಿರ ಕಿಲೋಮೀಟರ್, ನಾಲ್ಕು ತಾಸಿನ ದಾರಿ. ಒಂದು ಕ್ಷಣವೂ ಬಿಡದೆ ಹಾಡು ಹಾಕಿದರೆ 400 ವ್ಯಾಟ್-ತಾಸು, ಅಂದರೆ 0.4 ಯೂನಿಟ್. ಮೂರು ಕಿಲೋಮೀಟರ್ ಕೂಡ ಓಡಿಸದಷ್ಟು. ಅದರಲ್ಲೂ ಪರದೆ ಮತ್ತು ಕಂಪ್ಯೂಟರ್ ಹಾಡು ಇರಲಿ ಬಿಡಲಿ ನಡೆಯುತ್ತಲೇ ಇರುತ್ತವೆ, ದಾರಿಯ ನಕ್ಷೆಯೂ ರಿವರ್ಸ್ ಕ್ಯಾಮೆರಾವೂ ಅದರಲ್ಲೇ ಬರಬೇಕಲ್ಲ. ಹಾಡನ್ನಷ್ಟೇ ನಿಲ್ಲಿಸಿ ಉಳಿಸುವುದು ಇಡೀ ದಾರಿಗೆ ಒಂದು ಕಿಲೋಮೀಟರ್ ಇದ್ದರೆ ಹೆಚ್ಚು.

ಎಸಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಕ್ಟೋಬರ್ ಬಿಸಿಲಿನಲ್ಲಿ ಅದು ಒಂದು, ಒಂದೂವರೆ ಸಾವಿರ ವ್ಯಾಟ್ ಎಳೆಯುತ್ತದೆ. ನಾಲ್ಕು ತಾಸಿಗೆ ನಾಲ್ಕರಿಂದ ಆರು ಯೂನಿಟ್. ಇನ್ನು ವೇಗ. 80ರಿಂದ 100ಕ್ಕೆ ಹೋದರೆ ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಪ್ರತಿ ನೂರು ಕಿಲೋಮೀಟರಿಗೆ ಸುಮಾರು ಮೂರು ಯೂನಿಟ್ ಅಲ್ಲೇ ಹೋಗುತ್ತದೆ. 1,700 ಕಿಲೋ ತೂಕದ ಕಾರು ನೂರು ಮೀಟರ್ ಎತ್ತರದ ಒಂದು ದಿಬ್ಬ ಏರಲು ಬೇಕಾದ ಶಕ್ತಿಯೇ ಅರ್ಧ ಯೂನಿಟ್‌ಗೆ ಹತ್ತಿರ. ನಾಲ್ಕು ತಾಸಿನ ಹಾಡು ಒಂದು ದಿಬ್ಬಕ್ಕೆ ಸಮನಲ್ಲ. ಟೈರಿನ ಗಾಳಿ ಕಡಿಮೆ ಇಟ್ಟುಕೊಂಡು ಹಾಡಿಗೆ ಹೆದರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಭಾವನ ಭಯ ಎಲ್ಲಿಂದ ಬಂತು ಎಂದು ಕೇಳಿದೆ. ಫೋನ್ ತೆಗೆದು ಒಂದು ವಾಟ್ಸಾಪ್ ಸಂದೇಶ ತೋರಿಸಿದರು. ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ 1400 ವ್ಯಾಟಿನ ಸ್ಪೀಕರ್ ಇರುತ್ತವೆ, ಹಾಡು ಹಾಕಿದರೆ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟಂತೆ ಎಂದಿತ್ತು. ಆ ಅಂಕಿ ಸುಳ್ಳಲ್ಲ. 2024ರ ನವೆಂಬರಿನಲ್ಲಿ ಬಂದ ಮಹೀಂದ್ರಾದ ಎಕ್ಸ್‌ಇವಿ 9ಇ ಮತ್ತು ಬಿಇ 6 ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಹದಿನಾರು ಸ್ಪೀಕರುಗಳ, 1400 ವ್ಯಾಟಿನ ಹರ್ಮನ್ ಕಾರ್ಡನ್ ವ್ಯವಸ್ಥೆಯಿದೆ. ನಿಜವಾದ ಅಂಕಿಗೆ ಸುಳ್ಳು ಅರ್ಥ ಕಟ್ಟಿದಾಗಲೇ ಮಾತು ಬೇಗ ಹಬ್ಬುವುದು.

1400 ಎಂಬುದು ಆಂಪ್ಲಿಫೈಯರಿನ ತಾಕತ್ತು. ಒಂದು ಕ್ಷಣ ತಬಲಾದ ಪೆಟ್ಟು ಬಿದ್ದಾಗ ಅದು ಎಷ್ಟು ಕೊಡಬಲ್ಲದು ಎಂಬ ಮಿತಿ, ಸದಾ ಎಳೆಯುವ ಕರೆಂಟ್ ಅಲ್ಲ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವಾಗ ತನ್ನ ಮೇಲೆ ಬರೆದಷ್ಟು ವ್ಯಾಟನ್ನೂ ಎಳೆಯುತ್ತದೆ, ಸ್ಪೀಕರ್ ಹಾಗಲ್ಲ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ಲಿನ ಆಸುಪಾಸು ಸದ್ದು ಬರುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಅದು ಮಾತಾಡಲು ಬಿಡದಷ್ಟು ಜೋರು. ನಾವು ಕೇಳುವ ಹಾಡು ಸ್ಪೀಕರಿನಿಂದ ಕೇಳುವುದು ಬೆರಳೆಣಿಕೆಯ ವ್ಯಾಟುಗಳನ್ನು.

ನಮ್ಮದೇ ನಾಡಿನ ಒಂದು ಸಂಗತಿಯನ್ನು ಭಾವನಿಗೆ ಹೇಳಿದೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ಬಾನುಲಿ ಕೇಂದ್ರ ತೆರೆದರಲ್ಲ, 'ಆಕಾಶವಾಣಿ' ಎಂಬ ಹೆಸರು ನಮಗೆ ದಕ್ಕಿದ್ದು ಅಲ್ಲಿಂದ. ಆ ಕೇಂದ್ರದ ಪ್ರಸಾರಯಂತ್ರ 30 ವ್ಯಾಟಿನದು. ಅಷ್ಟರಲ್ಲಿ ಒಂದು ಊರಿಗೆ ಹಾಡು ಕೇಳಿಸಿದರು. ಐದು ಜನ ಕೂರುವ ಕಾರಿನಲ್ಲಿ ನಾಲ್ಕು ಜನ ಹಾಡು ಕೇಳಿದರೆ ಬ್ಯಾಟರಿ ಬರಿದಾಗುತ್ತದೆಂದು ಹೇಗೆ ನಂಬುತ್ತೀರಿ?

"ನಾ ಕಣ್ಣಾರೆ ನೋಡೇನಿ" ಎಂದರು ಭಾವ. "ನೀ ಹಾಡು ಹಚ್ಚಿದ್ದಿ, ಎರಡು ಮಿನಿಟಿನಾಗ 268 ಇದ್ದದ್ದು 259 ಆತು."

ನೋಡಿದ್ದು ಖರೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಗಿತ್ತು. ಆ ಎರಡು ನಿಮಿಷದಲ್ಲಿ ಈರುಳ್ಳಿ ತುಂಬಿದ ಸಾಲು ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಲು ನಾನು ನೂರರ ಮೇಲೆ ಹೋಗಿದ್ದೆ. ಲಾಸಲಗಾಂವ್ ಮಾರುಕಟ್ಟೆ ಹತ್ತಿರವಿರುವ ಆ ರಸ್ತೆಯಲ್ಲಿ ಅದು ತಪ್ಪಿದ್ದಲ್ಲ. ಇನ್ನೆಷ್ಟು ಕಿಲೋಮೀಟರ್ ಓಡುತ್ತದೆಂದು ಕಾರು ತೋರಿಸುವ ಅಂಕಿ ಬರೀ ಅಂದಾಜು. ಹಿಂದಿನ ಕೆಲವು ಕಿಲೋಮೀಟರಿನಲ್ಲಿ ಹೇಗೆ ಓಡಿಸಿದಿರೋ ಮುಂದೆಯೂ ಹಾಗೇ ಓಡಿಸುತ್ತೀರೆಂದು ಹಿಡಿದು ಭಾಗಿಸಿ ಹೇಳುತ್ತದೆ. ಜೋರಾಗಿ ಒತ್ತಿದರೆ ಬೀಳುತ್ತದೆ, ಇಳಿಜಾರು ಸಿಕ್ಕರೆ ಏರುತ್ತದೆ. ನೋಡಬೇಕಾದ್ದು ಶೇಕಡಾವಾರು ಅಂಕಿಯನ್ನು, ಅದರ ಪಕ್ಕದ ಕಿಲೋಮೀಟರನ್ನಲ್ಲ.

ಯೇವಲಾ ಮುಟ್ಟಿದಾಗ ಬ್ಯಾಟರಿ 71 ಇತ್ತು. ನೇಕಾರರ ಮನೆಯ ಎದುರು ಬೇವಿನ ಮರದಡಿ ಕಾರು ನಿಲ್ಲಿಸಿದೆವು. ಪೈಠಣಿ ಆರಿಸುವುದು ಅರ್ಧ ತಾಸಿನ ಕೆಲಸವಲ್ಲ. ಸೆರಗಿನ ನವಿಲನ್ನು ಕಸೂತಿಯಲ್ಲಿ ಹಾಕುವುದಿಲ್ಲ, ಮಗ್ಗದ ಮೇಲೇ ಬಣ್ಣಬಣ್ಣದ ಸಣ್ಣ ಸಣ್ಣ ಲಾಳಿ ಹಾಯಿಸಿ ಎಳೆಗೆ ಎಳೆ ಹೆಣೆಯುತ್ತಾರೆ. ಒಳಗೂ ಹೊರಗೂ ಒಂದೇ ಚಿತ್ರ. ಇಳಕಲ್ ಸೀರೆ ಉಟ್ಟಿದ್ದ ಅಕ್ಕ ತನ್ನ ಸೆರಗನ್ನೂ ಆ ಸೆರಗನ್ನೂ ಅಕ್ಕಪಕ್ಕ ಹಿಡಿದು ನೋಡುತ್ತ ಮೂರು ತಾಸು ಕೂತಳು. ಅವಳ ಮಗ ಬೇಸರವಾಗಿ ಕಾರಿಗೆ ಹೋಗಿ ಕಿಟಕಿ ಇಳಿಸಿ, ಫ್ಯಾನ್ ಹಚ್ಚಿ, ಹಾಡು ಹಾಕಿಕೊಂಡ. ನಾವು ಹೊರಬಂದಾಗ ಪರದೆ ಕಪ್ಪಾಗಿತ್ತು. ಬಟನ್ ಒತ್ತಿದರೆ ಟಿಕ್ ಎಂಬ ಸದ್ದೂ ಇಲ್ಲ.

"ನಾ ಹೇಳಿದ್ದಿಲ್ಲೇನು?" ಎಂದರು ಭಾವ. ಅವರ ನಂಬಿಕೆಗೆ ಅಂದು ಮುದ್ರೆ ಬಿತ್ತು. ಈ ಬರಹ ಬರೆಯಲು ಕೂತದ್ದೇ ಆ ಒಂದು ಮಾತಿನಿಂದ.

ನಡೆದದ್ದು ಬೇರೆ. ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಚಕ್ರ ತಿರುಗಿಸುವುದು ದೊಡ್ಡದು. ಪೆಟ್ರೋಲ್ ಕಾರಿನಲ್ಲಿರುವಂಥದೇ 12 ವೋಲ್ಟಿನ ಚಿಕ್ಕದೊಂದು ಬಾಗಿಲ ಲಾಕ್, ಪರದೆ, ಫ್ಯಾನ್, ಹಾಡು ಇವನ್ನೆಲ್ಲ ನೋಡಿಕೊಳ್ಳುತ್ತದೆ. ಅದರ ಹೊಟ್ಟೆ ಅರ್ಧ ಯೂನಿಟ್ ಅಷ್ಟೆ. ಬ್ರೇಕ್ ತುಳಿದು ಬಟನ್ ಒತ್ತಿ 'ರೆಡಿ' ಬಂದಿದ್ದರೆ ದೊಡ್ಡದು ಚಿಕ್ಕದನ್ನು ತುಂಬುತ್ತಲೇ ಇರುತ್ತದೆ, ದಿನವಿಡೀ ಹಾಡಿದರೂ ಚಿಂತೆಯಿಲ್ಲ. ಬ್ರೇಕ್ ತುಳಿಯದೆ ಬರೀ ಬಟನ್ ಒತ್ತಿದರೆ ಹಲವು ಕಾರುಗಳಲ್ಲಿ ದೊಡ್ಡ ಬ್ಯಾಟರಿಯ ಬಾಗಿಲು ಮುಚ್ಚಿಯೇ ಇರುತ್ತದೆ, ಎಲ್ಲ ಭಾರ ಚಿಕ್ಕದರ ಮೇಲೆ. ಹುಡುಗ ಮಾಡಿದ್ದು ಅದನ್ನೇ. ಚಿಕ್ಕದು ಸತ್ತರೆ ದೊಡ್ಡದನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ, ಏಕೆಂದರೆ ಅದರ ಸ್ವಿಚ್ ಒತ್ತುವುದೂ ಚಿಕ್ಕದರ ಕೆಲಸ. ಚಿಕ್ಕದು ಇಳಿದಾಗ ತಾವಾಗಿ ತುಂಬಿಕೊಳ್ಳುವ ಕಾರುಗಳೂ ಇವೆ, ನಿಮ್ಮದು ಯಾವುದೆಂದು ಕೈಪಿಡಿ ನೋಡಿ ತಿಳಿದುಕೊಳ್ಳಿ.

ಪಕ್ಕದ ಮನೆಯ ಟೆಂಪೊದಿಂದ ಎರಡು ಕೇಬಲ್ ಎಳೆದು ಐದು ನಿಮಿಷದಲ್ಲಿ ಕಾರು ಎಬ್ಬಿಸಿದೆವು. ಪರದೆ ಬೆಳಗಿತು. ದೊಡ್ಡ ಬ್ಯಾಟರಿ ಎಷ್ಟಿತ್ತು? 71. ಬಂದಾಗ ಎಷ್ಟಿತ್ತೋ ಅಷ್ಟೇ. ಅಷ್ಟು ಹೊತ್ತಿನ ಹಾಡು ಅದನ್ನು ಮುಟ್ಟಿರಲೇ ಇಲ್ಲ. ಆ ಅಂಕಿಯ ಮೇಲೆ ಬೆರಳಿಟ್ಟು ಭಾವನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಚಾರ್ಜ್ ಆಗುವಾಗ ಹಾಡು ಹಾಕಿದರೆ ಚಾರ್ಜ್ ನಿಧಾನವಾಗುತ್ತದೆ ಎನ್ನುತ್ತಾರೆ: ವೇಗದ ಚಾರ್ಜರ್ 30,000 ವ್ಯಾಟ್ ಸುರಿಯುವಾಗ ಹಾಡಿನದು ಯಾವ ಲೆಕ್ಕ. ಕಾರಿನ ಆ್ಯಪ್ ನಿಮ್ಮ ಫೋನಿನ ಡೇಟಾ ತಿನ್ನುತ್ತದೆ ಎಂಬುದು, ಕಾರಿನೊಳಗೇ ಸಿಮ್ ಇದ್ದು ಅದರ ಪ್ಯಾಕ್ ಚಾಲ್ತಿಯಲ್ಲಿದ್ದರೆ ಸುಳ್ಳು, ಹಾಟ್‌ಸ್ಪಾಟ್ ಕೊಟ್ಟಿದ್ದರೆ ನಿಜ. ಹಾಗೆ ಕೊಟ್ಟರೂ ಸಾಮಾನ್ಯ ಗುಣಮಟ್ಟದ ಹಾಡು ತಾಸಿಗೆ 150 ಎಂಬಿ ದಾಟುವುದು ಅಪರೂಪ. ಕಾರಿನ ಜೊತೆ ಬಂದ ಆ್ಯಪ್ ಎಂದೆಂದಿಗೂ ಪುಕ್ಕಟೆ ಎಂದು ತಿಳಿದವರಿಗೆ ಕಾರಿನ ಡೇಟಾ ಪ್ಯಾಕ್ ಬೇರೆ, ಹಾಡಿನ ಚಂದಾ ಬೇರೆ ಎಂಬುದು ಅವಧಿ ಮುಗಿದ ದಿನ ಗೊತ್ತಾಗುತ್ತದೆ. ಫೋನಿನಲ್ಲಿ ಇಳಿಸಿಟ್ಟ ಹಾಡುಗಳು ಕಾರಿನ ಆ್ಯಪಿನಲ್ಲಿ ತಾವಾಗಿ ಬಂದು ಕೂರುವುದಿಲ್ಲ, ನೆಟ್‌ವರ್ಕ್ ಸಿಗದ ದಾರಿಗೆ ಬ್ಲೂಟೂತಿನಲ್ಲಿ ಫೋನಿನಿಂದಲೇ ನುಡಿಸಿ. ಎಲೆಕ್ಟ್ರಿಕ್ ಕಾರು ರೇಡಿಯೊ ಕೆಡಿಸುತ್ತದೆ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ: ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್ ಮಧ್ಯಮ ತರಂಗದಲ್ಲಿ ಗೊರಗೊರ ಎಬ್ಬಿಸುತ್ತದೆ. ಕೆಲವು ಕಂಪನಿಗಳು ಎಲೆಕ್ಟ್ರಿಕ್ ಕಾರುಗಳಿಂದ ಎಎಂ ರೇಡಿಯೊವನ್ನೇ ತೆಗೆದುಹಾಕಿದ್ದು ಅದಕ್ಕೆ. ಆಕಾಶವಾಣಿಯ ಮಧ್ಯಮ ತರಂಗ ಕೇಳಿ ಬೆಳೆದ ನಮ್ಮಂಥವರಿಗೆ ಅದು ನಿಜವಾದ ನಷ್ಟ, ಆದರೆ ಅದರ ಬಗ್ಗೆ ಯಾರೂ ಸಂದೇಶ ಹಂಚುವುದಿಲ್ಲ.

ಹಾಡಿನ ಭಯ ಹಳೆಯದು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಆರಿಸಿ ರೇಡಿಯೊ ಹಚ್ಚಿ ಕೂತು, ಆಮೇಲೆ ಕಾರು ತಳ್ಳಿದವರು ನಮ್ಮ ಹಿರಿಯರು. ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದರ ಸೀಸದ ಬ್ಯಾಟರಿಗಳಲ್ಲಿ ಹತ್ತು ಯೂನಿಟ್ ಕೂಡ ಇರಲಿಲ್ಲ, ಎಂಬತ್ತು ಕಿಲೋಮೀಟರ್ ಓಡಿದರೆ ದೊಡ್ಡದು. ಆಗ ಒಂದೊಂದು ಸ್ವಿಚ್ಚಿಗೂ ಹೆದರಿದವರ ಮೇಲೆ ನನಗೆ ಸಿಟ್ಟಿಲ್ಲ. ಇಂದಿನ ಕಾರಿನಲ್ಲಿ ಕೂತು, ಕಣ್ಣೆದುರಿನ ಅಂಕಿಯನ್ನು ಬಿಟ್ಟು, ಯಾರೋ ಬರೆದ ಇಸ್ತ್ರಿ ಪೆಟ್ಟಿಗೆಯ ಮಾತನ್ನು ಹಿಡಿದುಕೊಳ್ಳುವುದು ನನಗೆ ಸಹಿಸಲಾಗುವುದಿಲ್ಲ. ನಮ್ಮ ಭಾವ ಕಿರಾಣಿ ವ್ಯಾಪಾರಿ. ಮೂರು ತಿಂಗಳ ಉದ್ದರಿಯನ್ನು ಬಡ್ಡಿ ಸಮೇತ ಬಾಯಲ್ಲೇ ಹೇಳಬಲ್ಲರು. ಗೋಣಿಚೀಲದ ತೂಕದಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೆ ಕೈಯಲ್ಲೇ ಗೊತ್ತು. ಅಂಥವರು ಫೋನಿಗೆ ಬಂದ ಸಂದೇಶದ ಮುಂದೆ ಮಾತ್ರ ತಕ್ಕಡಿಯನ್ನು ಕೆಳಗಿಡುತ್ತಾರೆ. ಅದೇ ವಾಟ್ಸಾಪ್ ಗುಂಪಿನಲ್ಲಿ ಮಳೆಯಲ್ಲಿ ಈ ಕಾರು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದೂ ಬಂದಿತ್ತು. ಅದನ್ನೂ ನಂಬಿ ಆಗಸ್ಟಿನಲ್ಲಿ ಬರಬೇಕಾದವರು ಅಕ್ಟೋಬರಿಗೆ ಮುಂದೂಡಿದ್ದರೆಂದು ಅಕ್ಕ ಆಮೇಲೆ ಹೇಳಿದಳು. ನಂಬಿಕೆಯ ಬೆಲೆ ತೆರುವವರು ಬೇರೆಯೇ ಇರುತ್ತಾರೆ. ನನ್ನ ಪರಿಚಯದ ಒಬ್ಬರು ಚಾರ್ಜ್ ಉಳಿಸಲೆಂದು ಮೇ ತಿಂಗಳಲ್ಲಿ ಎಸಿ, ಹಾಡು, ನಕ್ಷೆ ಎಲ್ಲ ನಿಲ್ಲಿಸಿ ನೂರರ ವೇಗದಲ್ಲಿ ಕಿಟಕಿ ತೆರೆದು ಓಡಿಸಿದರು. ನುಗ್ಗಿದ ಗಾಳಿ ಉಳಿಸಿದ್ದರಲ್ಲಿ ಒಂದು ಪಾಲನ್ನು ತಿಂದಿತು, ಹಿಂದೆ ಕೂತಿದ್ದ ಅವರ ತಾಯಿ ಬಿಸಿಲಿನ ಝಳಕ್ಕೆ ಎರಡು ದಿನ ಮಲಗಿದರು.

ವೇರೂಳಿನಿಂದ ಮರಳುವಾಗ ವೈಜಾಪುರದ ಆಚೆ ಎದುರುಗಾಳಿ ಎದ್ದಿತು. ಬಯಲು ಸೀಮೆ, ಅಡ್ಡಕ್ಕೆ ಒಂದು ಮರವಿಲ್ಲ. ಪರದೆಯಲ್ಲಿ ಕಿಲೋಮೀಟರಿನ ಖರ್ಚು ಏರುತ್ತಾ ಹೋಯಿತು. ಹಾಡು ನಡೆದಿತ್ತು. ಭಾವ ಮುಂದಕ್ಕೆ ಬಾಗಿ ಅಂಕಿ ನೋಡಿದರು, ಹೊರಗೆ ಬಾಗಿದ್ದ ಜೋಳದ ಹೊಲ ನೋಡಿದರು.

"ತಂಗಿ, ಗಾಳಿ ಎದುರ ಐತಿ. ಎಂಬತ್ತರ ಮ್ಯಾಲೆ ಹೋಗಬ್ಯಾಡ."

ಹಾಡಿನ ತಂಟೆಗೆ ಹೋಗಲಿಲ್ಲ.